ಕರಡಿಯ ಕತ್ತೆ

ಗೆಣಸು ಹೊರಲೆಂದು ಮೊಲವೊಂದು ನರಿಯ ಹತ್ತಿರ ಹಳೆಯ ಕತ್ತೆ ಕೊಂಡಿತು. "ಎಂಥ ಏರಿದ್ದರೂ ಗಾಳಿಯ ಹಾಗೆ ಹತ್ತುತ್ತದೆ," ಎಂದಿತ್ತು ನರಿ. ನರಿಗೆ ಬೆಲೆ ಕೊಟ್ಟದ್ದು ಕರಡಿ. ಮೊಲ ಅದನ್ನು ತಿಂಗಳಿಗೊಂದು ಬುಟ್ಟಿ ಗೆಣಸು ಕೊಟ್ಟು ತೀರಿಸಬೇಕು. "ಕೊನೆಯ ಬುಟ್ಟಿ ಬರುವ ತನಕ ಕತ್ತೆ ನನ್ನದು, ನೆನಪಿರಲಿ," ಎಂದು ಕರಡಿ ಗದರಿತ್ತು.

ಮರುದಿನ ಮೊದಲ ಏರಿನಲ್ಲೇ ಕತ್ತೆ ಕಾಲು ಮಡಚಿ ಮಲಗಿಬಿಟ್ಟಿತು. ಮೊಲ ನರಿಯ ಬಳಿಗೆ ಓಡಿತು.

"ವ್ಯಾಪಾರ ಮುಗಿಯಿತಲ್ಲ, ಇನ್ನು ಅದು ನಿನ್ನ ಹಣೆಬರಹ," ಎಂದು ನರಿ ಆಕಳಿಸಿತು.

ಮೊಲಕ್ಕೆ ಮೈಯೆಲ್ಲ ಉರಿಯಿತು. ಆದರೂ ಕರಡಿಯ ಮುಂದೆ ಹೋಗಿ ಕೈಮುಗಿದು ನಿಂತಿತು.

"ಸ್ವಾಮಿ, ಆ ಕತ್ತೆ ಯಾರದು?"

"ನನ್ನದು! ಎಷ್ಟು ಸಲ ಹೇಳಬೇಕು?"

"ಹಾಗಾದರೆ ತಮ್ಮ ಕತ್ತೆ ದಾರಿಗಡ್ಡ ಬಿದ್ದುಕೊಂಡಿದೆ. ನರಿ ತಮಗೇ ಟೋಪಿ ಹಾಕಿದೆ."

"ನನಗೇ?"

ಕರಡಿ ಕತ್ತೆಯನ್ನು ಹೆಗಲಿಗೇರಿಸಿಕೊಂಡು, ಏದುಸಿರು ಬಿಡುತ್ತ ನರಿಯ ಗವಿಗೇ ಬಂತು. ಕಂಡದ್ದೇ ತಡ, ನರಿ ಗುಡ್ಡದ ಏರು ಹತ್ತಿ ಪರಾರಿಯಾಯಿತು.

ಕರಡಿಯ ಹೆಗಲ ಮೇಲಿಂದ ಕತ್ತೆ ಮೆಚ್ಚಿ ತಲೆದೂಗಿತು. "ಏರು ಹತ್ತುವುದೆಂದರೆ ಹೀಗೆ! ನರಿಯಣ್ಣ ನನ್ನ ಬದಲು ತನ್ನನ್ನೇ ಮಾರಿಕೊಂಡಿದ್ದರೆ ಯಾರೂ ವಾಪಸು ತರುತ್ತಿರಲಿಲ್ಲ."