ಹಿಮ ಕರಗಿದ ಬೆನ್ನು

"ತಾಯಿ, ಗಂಡ ತೀರಿಕೊಂಡಾಗಿನಿಂದ ನನ್ನ ತಂಗಿ ಒಮ್ಮೆಯೂ ಅತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆಲಸ ಮಾಡುತ್ತಿದ್ದಳು. ಅತ್ತರೆ ಹಗುರಾದಾಳು ಎಂದು ನಾನೇ ದಿನವೂ ಅವನ ಮಾತು ತೆಗೆದು ತೆಗೆದು ಅಳಿಸಿದೆ. ಈಗ ಹಾಸಿಗೆ ಹಿಡಿದಿದ್ದಾಳೆ. ನನ್ನ ಕನಿಕರದಲ್ಲಿ ಏನು ತಪ್ಪಿತ್ತು?" ಎಂದು ಶಿಷ್ಯೆ ಕೇಳಿದಳು.

ಗುರುಮಾತೆ ಒಂದು ಕತೆ ಹೇಳಿದರು.

ಹಿಮದ ನಾಡಿನ ಘಟ್ಟದಲ್ಲಿ ಒಬ್ಬ ವ್ಯಾಪಾರಿ ಹೆಂಗಸು ದಾರಿ ತಪ್ಪಿದ್ದಳು. ಹತ್ತೂರು ತಿರುಗಿದವಳು, ಯಾವ ಸಂತೆಯಲ್ಲೂ ಮೋಸ ಹೋಗದವಳು. ಮಂಜಿನ ಮುಂದೆ ಆ ಜಾಣತನವೆಲ್ಲ ಕೆಲಸಕ್ಕೆ ಬರಲಿಲ್ಲ. ಜೊತೆಗೆ ಹೊರೆ ಹೊತ್ತ ಒಂದು ತಟ್ಟು ಇತ್ತು. ಎದೆಯೆತ್ತರದ, ದಟ್ಟ ಕೂದಲಿನ ಕುಳ್ಳ ಕುದುರೆ. ಘಟ್ಟದಾಚೆಯ ರೈತನೊಬ್ಬ ತನಗಿದ್ದ ಒಂದೇ ತಟ್ಟನ್ನು ನಂಬಿ ಕೊಟ್ಟಿದ್ದ. "ಕೊಟ್ಟ ಹಾಗೆಯೇ ತಂದೊಪ್ಪಿಸುತ್ತೇನೆ" ಎಂದು ಇವಳು ಮಾತು ಕೊಟ್ಟಿದ್ದಳು.

ಕುರಿ ಕಾಯುವ ಮುದುಕಿಯೊಬ್ಬಳು ಎದುರಾದಳು.

"ಅಜ್ಜಿ, ಆಚೆಯ ಊರಿಗೆ ದಾರಿ ಯಾವುದು?"

"ದಾರಿ ಬಲ್ಲದ್ದನ್ನು ಹಗ್ಗ ಹಾಕಿ ಎಳೆದುಕೊಂಡು ಬಂದು ನನ್ನನ್ನು ಕೇಳುತ್ತೀಯಲ್ಲೇ! ಹಗ್ಗ ಸಡಿಲ ಬಿಡು."

"ಬಿಟ್ಟೂ ನೋಡಿದೆ. ಹೆಜ್ಜೆಯನ್ನೇ ಇಡುವುದಿಲ್ಲ. ಬೆಳಗಿನಿಂದ ಒಂದೇ ಸಮ ನಡುಗುತ್ತಿದೆ."

ಮುದುಕಿ ತಟ್ಟಿನ ಬೆನ್ನ ಮೇಲೆ ಕೈಯಿಟ್ಟಳು. ಕೈ ಒದ್ದೆಯಾಯಿತು.

"ಹಿಮ ಕರಗುತ್ತಿದೆ. ಈ ಜಾತಿಯ ಬೆನ್ನ ಮೇಲೆ ಬಿದ್ದ ಹಿಮ ಬಿದ್ದ ಹಾಗೇ ಇರಬೇಕು. ಒಳಗಿನ ಕಾವು ಹೊರಗೆ ಸೋರಬಾರದು. ಏನು ಮಾಡಿದೆ ಇದಕ್ಕೆ?"

"ಕೆಟ್ಟದ್ದೇನೂ ಮಾಡಲಿಲ್ಲ ಅಜ್ಜಿ. ಮೈಯೆಲ್ಲ ಜಿಡ್ಡು, ನಾತ. ಪಾಪ ಅನ್ನಿಸಿ ನಿನ್ನೆ ನೀರು ಕಾಯಿಸಿ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ. ನಮ್ಮ ಕಡೆ ಹಾಗೇ ಮಾಡುತ್ತೇವೆ."

"ಅಯ್ಯೋ ಮಗಳೇ, ಆ ಜಿಡ್ಡೇ ಅದರ ಕಂಬಳಿ. ಚಳಿಗಾಲದಲ್ಲಿ ಅದನ್ನೇ ಕಿತ್ತುಬಿಟ್ಟೆಯಲ್ಲ!"

ಇಬ್ಬರೂ ಸೇರಿ ಹೊರೆ ಇಳಿಸಿದರು. ಒಣಹುಲ್ಲಿನಿಂದ ಮೈ ಒರೆಸಿ, ತಟ್ಟನ್ನು ಹಟ್ಟಿಯೊಳಗೆ ಕುರಿಗಳ ನಡುವೆ ನಿಲ್ಲಿಸಿದರು. ಮರುದಿನ ಅದು ಹುಲ್ಲಿಗೆ ಬಾಯಿ ಹಾಕಿತು.

"ಬದುಕಿತು. ಆದರೆ ಜಿಡ್ಡು ಮತ್ತೆ ಕೂಡುವ ತನಕ ಹೊರೆ ಹೇರಬೇಡ, ಮೈ ಮುಟ್ಟಬೇಡ" ಎಂದಳು ಮುದುಕಿ.

ವ್ಯಾಪಾರಿ ಹೊರೆಯನ್ನು ತನ್ನ ಬೆನ್ನಿಗೆ ಕಟ್ಟಿಕೊಂಡಳು. ತಟ್ಟು ಮುಂದೆ, ಅವಳು ಹಿಂದೆ. ಅದು ಗೊರಸಿನಿಂದ ಹಿಮವನ್ನು ತಟ್ಟಿ ನೋಡುತ್ತಿತ್ತು. ಟೊಳ್ಳು ಕಂಡಲ್ಲಿ ಬಳಸಿ ನಡೆಯುತ್ತಿತ್ತು. ಇದೇನು ಸುತ್ತುದಾರಿ ಎಂದು ಅವಳು ಒಮ್ಮೆ ನೇರ ಹೋಗಿ ಸೊಂಟದವರೆಗೆ ಹೂತಳು. ಆಮೇಲೆ ಅದರ ಹೆಜ್ಜೆ ಬಿಡಲಿಲ್ಲ.

ರೈತನ ಬಾಗಿಲಲ್ಲಿ ಅವನು ಕೇಳುವ ಮೊದಲೇ ಎಲ್ಲವನ್ನೂ ಹೇಳಿದಳು.

ರೈತ ಬೈಯಲಿಲ್ಲ. "ಚಳಿಗಾಲದ ಸೌದೆ ಇನ್ನೂ ಕಾಡಿನಲ್ಲೇ ಇದೆಯಲ್ಲಮ್ಮ. ಇನ್ನು ಅದನ್ನು ಹೊರುವವರು ಯಾರು?" ಎಂದಷ್ಟೇ ಕೇಳಿದ.

"ನಾನು" ಎಂದಳು.

ಅವಳು ಅಲ್ಲಿಯೇ ಉಳಿದಳು. ದಿನವೂ ಸೌದೆ ಹೊತ್ತಳು. ಒಂದು ಬೆಳಿಗ್ಗೆ ತಟ್ಟು ಗಾಳಿಗೆ ಬೆನ್ನು ಕೊಟ್ಟು ಅಂಗಳದಲ್ಲಿ ನಿಂತಿತ್ತು. ಅದರ ಬೆನ್ನ ಮೇಲೆ ಹಿಮ ಕರಗದೆ ಕೂತಿತ್ತು. ಅವಳು ಕೊನೆಯ ಹೊರೆ ಇಳಿಸಿ, ತಟ್ಟಿನ ಹಗ್ಗವನ್ನು ರೈತನ ಕೈಗೆ ಕೊಟ್ಟು, ತನ್ನ ದಾರಿ ಹಿಡಿದಳು.

ಶಿಷ್ಯೆ ಕಣ್ಣೊರೆಸಿಕೊಂಡಳು. "ತೊಳೆದುಹೋದ ಜಿಡ್ಡು ಮತ್ತೆ ಹೇಗೆ ಬಂತು, ತಾಯಿ?"

"ತಾನಾಗಿಯೇ ಬಂತು. ಅವಳ ಎರಡು ಕೈಯಲ್ಲೂ ಸೌದೆಯಿತ್ತು, ತಿಕ್ಕಲು ಪುರುಸೊತ್ತಿರಲಿಲ್ಲ" ಎಂದರು ಗುರುಮಾತೆ.