ನಲವತ್ತು ಬಾಲಗಳ ಬೆಲೆ

"ದಡಕ್ಕೆ ಬರುವ ಕುದುರೆಗೆ ಹುಲ್ಲು ಬೇಕು, ಹುರುಳಿ ಬೇಕು, ಮೈ ತಿಕ್ಕಲು ಆಳು ಬೇಕು. ಬಾಲಕ್ಕೆ ಏನು ಬೇಕು? ಒಂದು ಗೋಣಿಚೀಲ ಸಾಕು!"

ಹೀಗಂದವನು ಕುದುರೆ ವ್ಯಾಪಾರಿ ಸೂರಪ್ಪಯ್ಯ. ಅಂದದ್ದು ಮಣಲೂರು ಬಂದರಿನ ತನ್ನ ಮಂಡಿಯಲ್ಲಿ, ನೆಂಟರಿಷ್ಟರ ಮುಂದೆ, ಎಲೆಯಡಿಕೆ ಮೆಲ್ಲುತ್ತ. ಸಂಜೆಯೊಳಗೆ ಮಾತು ಅರಮನೆ ಮುಟ್ಟಿತು.

ವಿಷಯ ಇಷ್ಟು. ಅರಸ ಮಲ್ಲರಸನಿಗೆ ಕುದುರೆ ಬೇಕು. ಒಳ್ಳೆಯ ಕುದುರೆ ಬರುವುದು ಅರಬ್ಬರ ನಾಡಿನಿಂದ, ಕಡಲು ದಾಟಿ. ದಾರಿಯಲ್ಲಿ ಸತ್ತರೆ ಹಾಕಿದ ಹಣ ಮುಳುಗಿತು ಎಂದು ಹೆದರಿ ಯಾವ ವ್ಯಾಪಾರಿಯೂ ಕುದುರೆಯನ್ನು ಹಡಗು ಹತ್ತಿಸುತ್ತಿರಲಿಲ್ಲ. ಆಗ ಆಸ್ಥಾನದ ಕೋನಪ್ಪ ಒಂದು ಉಪಾಯ ಹೇಳಿದ್ದ: "ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಲಿ ಪ್ರಭು, ಅದಕ್ಕೂ ಪೂರ್ತಿ ಬೆಲೆ ಕೊಟ್ಟುಬಿಡೋಣ."

ಅರಸ ಆ ಮಾತನ್ನು ಬಂದರಿನ ಕಲ್ಲಿನ ಮೇಲೆ ಕೆತ್ತಿಸಿದ. ಹಡಗುಗಳು ಬರತೊಡಗಿದವು. ಮೊದಲ ವರ್ಷ ಎರಡು ಬಾಲ ಬಂದವು, ಮರುವರ್ಷ ಐದು.

ಈ ವರ್ಷ ಸೂರಪ್ಪಯ್ಯನ ಹಡಗಿನಿಂದ ಹನ್ನೊಂದು ಕುದುರೆ ಇಳಿದವು. ನಲವತ್ತು ಬಾಲ ಇಳಿದವು.

ಅರಸ ಕೋನಪ್ಪನನ್ನು ಕರೆಸಿದ. "ನಲವತ್ತು ಕುದುರೆ ಸತ್ತ ಹಡಗಿನಲ್ಲಿ ಒಬ್ಬ ನಾವಿಕನಿಗೂ ನೆಗಡಿ ಬಂದಿಲ್ಲವಂತೆ."

"ಕೇಳಿದೆ ಪ್ರಭು. ಕಡಲಾಚೆಯ ಊರಿನ ಲಾಯಗಳಲ್ಲಿ ಸತ್ತ ಮುದಿ ಕುದುರೆಗಳ ಬಾಲ ಕೊಂಡು ತಂದಿದ್ದಾನೆ. ಆದರೆ ಬಾಲಕ್ಕೆ ಬಾಯಿಲ್ಲ, ಯಾರು ಸಾಕ್ಷಿ ಹೇಳಬೇಕು?"

"ಕೊಡುವುದಿಲ್ಲ ಅಂದರೆ ನನ್ನ ಕಲ್ಲಿನ ಮಾತು ಸುಳ್ಳಾಗುತ್ತದೆ. ನಾಳೆ ನನ್ನನ್ನು ನಂಬಿ ಯಾರು ಹಡಗು ಬಿಡುತ್ತಾರೆ? ಕೊಟ್ಟರೆ ಬೊಕ್ಕಸ ಬರಿದು. ಉಪಾಯ ನಿನ್ನದು, ಅಪಾಯವೂ ನಿನ್ನದೇ. ಮಾತು ಮುರಿಯಬಾರದು, ಹಣವೂ ಹೋಗಬಾರದು. ಹೋದರೆ ನಿನ್ನ ಉಂಬಳಿ ಗದ್ದೆ ಮಾರಿ ತುಂಬಿಸುತ್ತೇನೆ."

ಆ ಗದ್ದೆ ಬಿಟ್ಟರೆ ಕೋನಪ್ಪನ ಮನೆಯ ಆರು ಬಾಯಿಗೆ ಬೇರೆ ಅನ್ನದ ದಾರಿ ಇರಲಿಲ್ಲ. ಆದರೂ ಮುಖದಲ್ಲಿ ಏನೂ ತೋರಗೊಡದೆ "ಅಪ್ಪಣೆ" ಎಂದ.

ಮಾರನೆಯ ದಿನ ಸೂರಪ್ಪಯ್ಯ ಗೋಣಿಚೀಲ ಹೊರಿಸಿಕೊಂಡು ಆಸ್ಥಾನಕ್ಕೆ ಬಂದ. ಕೋನಪ್ಪ ಎದ್ದು ನಿಂತು ಕೈಮುಗಿದ.

"ಅಯ್ಯೋ ಪಾಪ, ನಲವತ್ತು ಜೀವ!"

"ಏನು ಮಾಡುವುದು ಸ್ವಾಮಿ, ಕಡಲು ಯಾರ ಮಾತು ಕೇಳುತ್ತದೆ?" ಸೂರಪ್ಪಯ್ಯ ಒಣಗಿದ ಕಣ್ಣನ್ನು ಒರೆಸಿಕೊಂಡ.

"ಕಲ್ಲಿನ ಮಾತು ಕಲ್ಲಿನ ಮಾತೇ, ಚಿಂತೆ ಬೇಡಿ. ತಿಳಿಯದ್ದಕ್ಕೆ ಕೇಳುತ್ತೇನೆ, ಕುದುರೆಯೇ ತಲುಪಲಿಲ್ಲ, ಆದರೂ ತಲುಪಿದ ಹಾಗೆ ಅನ್ನುವುದು ಹೇಗೆ?"

"ಅದೇ ನೋಡಿ ವ್ಯಾಪಾರದ ಧರ್ಮ! ಕಳಿಸುವವನು ನಂಬಿಕೆಯಿಂದ ಕಳಿಸಿರುತ್ತಾನೆ. ನೀರುಪಾಲಾದರೆ ಅವನ ತಪ್ಪೇ? ಗುರುತು ತಲುಪಿದರೆ ಸರಕು ತಲುಪಿದ ಹಾಗೇ."

"ಈ ಧರ್ಮ ಕೊಡುವವನಿಗೂ ಕೊಳ್ಳುವವನಿಗೂ ಒಂದೇ ತಾನೆ?"

"ಒಂದೇ! ಧರ್ಮಕ್ಕೆ ಎರಡು ನಾಲಗೆ ಇರುತ್ತದೆಯೇ?"

"ಆಹಾ, ಎಂಥ ಮಾತು! ಬರೆದಿಡಬೇಕು," ಎಂದು ಕೋನಪ್ಪ ಅದನ್ನು ಓಲೆಯ ಮೇಲೆ ಬರೆಸಿ ಸೂರಪ್ಪಯ್ಯನ ಒಪ್ಪ ಹಾಕಿಸಿಕೊಂಡ. ತನ್ನ ಮಾತು ಓಲೆಗೆ ಏರಿತಲ್ಲ ಎಂದು ಸೂರಪ್ಪಯ್ಯ ಉಬ್ಬಿಹೋದ.

ಬೊಕ್ಕಸ ಇದ್ದದ್ದು ಅಳಿವೆಯ ಆಚೆ ದಡದ ಕೋಟೆಯಲ್ಲಿ. ಹಣ ಬರುವುದು ದೋಣಿಯ ಮೇಲೆ. ಮೂರನೆಯ ದಿನ ಕೋನಪ್ಪ ತಾನೇ ಮಂಡಿಗೆ ಬಂದು ಹನ್ನೊಂದು ಕುದುರೆಗಳ ಬೆಲೆ ಹನ್ನೊಂದು ಚೀಲ ಹೊನ್ನು ಇಳಿಸಿದ. ಆಮೇಲೆ ಸೊಂಟದಿಂದ ಒಂದು ಕಟ್ಟು ತೆಗೆದು ಮುಂದಿಟ್ಟ. ಒಂದೊಂದಕ್ಕೂ ಅರಗಿನ ಮುದ್ರೆ ಒತ್ತಿದ ನಲವತ್ತು ದಾರ.

"ಇವೇನು?"

"ದೋಣಿ ವಾಲಿತು ಸ್ವಾಮಿ. ನಲವತ್ತು ಚೀಲ ನೀರುಪಾಲು. ಬಾಯಿ ಕಟ್ಟಿದ್ದ ದಾರಗಳನ್ನು ಮಾತ್ರ ಜೋಪಾನವಾಗಿ ತಂದಿದ್ದೇನೆ. ಎಣಿಸಿಕೊಳ್ಳಿ."

"ಸರಿಯಾಗಿ ನಲವತ್ತೇ ಮುಳುಗಿದವೇ? ಹನ್ನೊಂದು ಹೇಗೆ ಉಳಿದವು?"

"ನಿಮ್ಮ ಹಡಗಿನಲ್ಲಿ ಉಳಿದವಲ್ಲ, ಹಾಗೇ."

"ಚೀಲ ಮುಳುಗುವಾಗ ದಾರ ಬಿಚ್ಚಿಕೊಳ್ಳುತ್ತ ಕೂತವರು ಯಾರು ಮಾರಾಯ?"

"ಕುದುರೆ ಮುಳುಗುವಾಗ ಬಾಲ ಕೊಯ್ಯುತ್ತ ಕೂತವರು ಇದ್ದರಲ್ಲ, ಅವರ ಕಡೆಯವರೇ ಇರಬೇಕು."

ಸೂರಪ್ಪಯ್ಯ ದಾರಗಳನ್ನು ಬಾಚಿಕೊಂಡು ಅರಮನೆಗೆ ಓಡಿದ. ಕೋನಪ್ಪ ಹಿಂದೆ ನಿಧಾನವಾಗಿ ನಡೆದುಕೊಂಡು ಹೋದ.

"ಪ್ರಭು, ಮೋಸ! ಈ ದಾರ ಇಟ್ಟುಕೊಂಡು ನಾನೇನು ಮಾಡಲಿ?"

ಅರಸ ಓಲೆ ತರಿಸಿ ಗಟ್ಟಿಯಾಗಿ ಓದಿಸಿದ. ಗುರುತು ತಲುಪಿದರೆ ಸರಕು ತಲುಪಿದ ಹಾಗೆ, ಕೊಡುವವನಿಗೂ ಕೊಳ್ಳುವವನಿಗೂ ಒಂದೇ.

"ಒಪ್ಪ ನಿಮ್ಮದೇ ತಾನೆ?"

"ನನ್ನದೇ ಪ್ರಭು. ಆದರೆ ಅಷ್ಟು ಹೊನ್ನು! ಅಷ್ಟೂ ಎಲ್ಲಿ ಹೋಯಿತು?"

"ಎಲ್ಲಿಗೂ ಹೋಗಿಲ್ಲ ಸ್ವಾಮಿ," ಎಂದ ಕೋನಪ್ಪ. "ನಿಮ್ಮ ನಲವತ್ತು ಕುದುರೆ ಮುಳುಗಿದವಲ್ಲ, ಸರಿಯಾಗಿ ಅದೇ ಜಾಗದಲ್ಲಿ ಭದ್ರವಾಗಿದೆ. ಜಾಗ ನಿಮಗೆ ಗೊತ್ತೇ ಇದೆ. ಹೋಗಿ ತೆಗೆದುಕೊಳ್ಳಿ."

ಸೂರಪ್ಪಯ್ಯ ಮೊದಲೇ ತಂದಿಟ್ಟಿದ್ದ ಬಾಲದ ಚೀಲವನ್ನೂ ಕೈಯಲ್ಲಿದ್ದ ದಾರಗಳನ್ನೂ ಅಲ್ಲೇ ಬಿಟ್ಟು ಹೊರಟುಹೋದ.

ಮುಂದಿನ ಸಲ ಅವನ ಹಡಗಿನಿಂದ ಐವತ್ತು ಕುದುರೆ ಇಳಿದವು. ಒಂದೇ ಒಂದು ಬಾಲ ಬಂತು. ಕೋನಪ್ಪ ತುಟಿಪಿಟಕ್ಕೆನ್ನದೆ ಅದಕ್ಕೆ ಪೂರ್ತಿ ಬೆಲೆ ಕೊಟ್ಟ. ಕಲ್ಲಿನ ಮಾತು ಕಲ್ಲಿನಂತೆಯೇ ಉಳಿಯಿತು, ಗದ್ದೆಯೂ ಉಳಿಯಿತು.

ಅಂದು ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನು ಚಾಪೆ ಕೆಳಗೆ ತೂರಿದರೆ ನೀನು ರಂಗೋಲಿ ಕೆಳಗೇ ತೂರಿದೆಯಲ್ಲೋ! ನಿನಗೆ ನೂರು ಹೊನ್ನು ಬಹುಮಾನ. ಕೋಟೆಯಿಂದ ದೋಣಿಯಲ್ಲಿ ಕಳಿಸಿಕೊಡಲೇ?"

"ಬೇಡ ಪ್ರಭು," ಎಂದ ಕೋನಪ್ಪ. "ಎರಡು ದಿನ ಸುತ್ತಾದರೂ ಚಿಂತೆಯಿಲ್ಲ, ನಾನೇ ಹೋಗಿ ಕಾಲುದಾರಿಯಲ್ಲೇ ಹೊತ್ತುಕೊಂಡು ಬರುತ್ತೇನೆ. ಮನೆಯಲ್ಲಿ ದಾರ ಬೇಕಾದಷ್ಟಿದೆ."