ಮಲಗಿದ್ದ ತಿಗರಿ ಎದ್ದು ಹೊರಟದ್ದು

ಒಂದಾನೊಂದು ಕಾಲದಲ್ಲಿ, ಅಂದ್ರೆ ಗಾಡಿ ಅನ್ನೋದೇ ಇನ್ನೂ ಹುಟ್ಟದೇ ಇದ್ದ ಕಾಲದಲ್ಲಿ ಕಣವ್ವ, ಸೀಗೆನಾಡು ಅಂತ ಒಂದು ರಾಜ್ಯ ಇತ್ತಂತೆ. ಹೊದಿಕೆ ಒದೀಬೇಡ, ಹೇಳ್ತೀನಿ. ಆ ರಾಜ್ಯದ ಕೆಳಗಡೆ ಸಮುದ್ರ, ಮೇಲ್ಗಡೆ ಬೆಟ್ಟ. ಕೆಳಗಿನವರ ಹತ್ರ ಉಪ್ಪು ರಾಶಿ ರಾಶಿ, ಬೇಯಿಸೋಕೆ ಕಾಳಿಲ್ಲ. ಮೇಲಿನವರ ಹತ್ರ ಕಣಜದ ತುಂಬ ರಾಗಿ, ಸಾರಿಗೆ ಚಿಟಿಕೆ ಉಪ್ಪಿಲ್ಲ. ನಡುವೆ ಎಂಟು ದಿನದ ದಾರಿ, ಏನೇ ಸಾಗಿಸಬೇಕಾದ್ರೂ ಮನುಷ್ಯರ ತಲೆ ಮೇಲೇ ಹೋಗ್ಬೇಕು. ಹೊತ್ತವರೂ ಉಣ್ಣಬೇಕಲ್ಲ, ರಾಗಿ ಹೊರೆಯಲ್ಲಿ ಅರ್ಧ ದಾರೀಲೇ ಅವರ ಹೊಟ್ಟೆ ಸೇರೋದಂತೆ. ಹಂಗಾಗಿ ಎಲ್ಲ ಇದ್ದೂ ಎಲ್ಲರೂ ಬಡವರೇ.

ಎತ್ತು ಇರ್ಲಿಲ್ವಾ ಅಂತೀಯಾ? ಇದ್ವು, ಹೊಲ ಉಳ್ತಿದ್ವು. ಎತ್ತಿನ ಬೆನ್ನ ಮೇಲೆ ಹೇರಿದ್ರೆ ಪಾಪ ಅಂತ ಆ ನಾಡಿನವರ ನಂಬಿಕೆ. ಮನುಷ್ಯರ ತಲೆ ಮೇಲೆ ಹೇರಿದ್ರೆ ಪಾಪ ಇಲ್ವಂತೆ, ನೋಡು ನ್ಯಾಯ!

ಅಲ್ಲಿ ಸಣ್ಣೀರಿ ಅಂತ ಒಬ್ಬಳು ಕುಂಬಾರರ ಹುಡುಗಿ. ಗಡಿಗೆ ಮಾಡೋಕೆ ತಿರುಗಿಸ್ತಾರಲ್ಲ ಮರದ ಚಕ್ರ, ಅದಕ್ಕೆ ತಿಗರಿ ಅಂತಾರೆ. ಅದು ಯಾವಾಗ್ಲೂ ಮಲಗೇ ತಿರುಗಬೇಕು. ಮದುವೆ ಮನೆಯವರು ವಾದ್ಯ ಊದಿಸ್ಕೊಂಡು ಬಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯೋರು. ಸಣ್ಣೀರಿ ಅಪ್ಪನಿಗೆ ಗಡಿಗೆ ಹೊತ್ತೂ ಹೊತ್ತೂ ಕತ್ತು ಭುಜದೊಳಕ್ಕೆ ಇಳಿದುಬಿಟ್ಟಿತ್ತು, ತಲೆ ಎತ್ತಿ ಮಗಳ ಮುಖ ನೋಡೋಕೂ ಆಗ್ತಿರಲಿಲ್ಲ. ಆಮೇಲೆ ಒಂದಿನ ಏನಾಯ್ತು ಅಂದ್ರೆ, ತಿಗರಿ ಗೂಟದಿಂದ ಜಾರಿ, ಎದ್ದು ನಿಂತು, ಅಂಗಳ ದಾಟಿ ಬೀದಿಗೆ ಉರುಳ್ಕೊಂಡು ಹೋಯ್ತಂತೆ. ಬೇರೆಯವರಾಗಿದ್ರೆ ಓಡಿ ಹೋಗಿ ಮಲಗಿಸೋರು. ಇವಳು ಬೀದೀಲಿ ನಿಂತು ನೋಡಿದಳು. ಆಮೇಲೆ ಅಂಥದ್ದೇ ಇನ್ನೊಂದು ಮಾಡಿ, ನಡುವೆ ಒಂದು ಮರದ ತುಂಡು ಸೇರಿಸಿ, ಮೇಲೆ ಬಿದಿರು ಹಾಸಿ, ಮುಂದೆ ಎರಡು ಎತ್ತು ಕಟ್ಟಿದಳು.

ಅಯ್ಯಯ್ಯೋ, ಊರೇ ಹೊತ್ತಿ ಉರೀತು! ಪೂಜೆ ಮಾಡೋ ತಿಗರೀನ ಸಗಣಿ ಮೇಲೆ ಉರುಳಿಸ್ತಾಳಲ್ಲ ಅಂತ. ಎಲ್ಲರಿಗಿಂತ ಜೋರಾಗಿ ಕೂಗಿದವನು ಜವರಪ್ಪ, ಸಾವಿರ ಜನ ಹೊರೆಯವರ ಯಜಮಾನ. ರಾಜನ ಹತ್ರ ದೂರು ಹೋಯ್ತು. ಆ ರಾಜನಿಗೆ ಮೀಸೆ ಇದ್ದಷ್ಟು ಬುದ್ಧಿ ಇರ್ಲಿಲ್ಲ ಬಿಡು. ಹುಡುಗಿ, ಮೂರು ಸಲ ಬೆಟ್ಟಕ್ಕೆ ಉಪ್ಪು ಸಾಗಿಸು, ಒಂದೇ ಒಂದು ಸಲ ಹೊರೆಯವರಿಗಿಂತ ಮೊದಲು ಮುಟ್ಟಿದ್ರೆ ಗಾಡಿ ಇರಲಿ, ಮೂರೂ ಸೋತ್ರೆ ತಿಗರಿ ಸುಟ್ಟುಬಿಡಬೇಕು, ನಿಮ್ಮ ಮನೇಲಿ ಇನ್ಯಾರೂ ಮಣ್ಣು ಮುಟ್ಟಕೂಡದು ಅಂದನಂತೆ. ಕುಂಬಾರರು ಮಣ್ಣು ಬಿಟ್ಟು ಇನ್ನೇನು ಮಾಡ್ತಾರೆ, ಹೇಳು?

ಮೊದಲನೇ ಸಲ ಗಾಲಿ ಗದ್ದೆ ಕೆಸರಲ್ಲಿ ಹೂತ್ಕೊಂಡು ಅಲ್ಲೇ ನಿಂತಿತು. ಹೊರೆಯವರು ಬದುವಿನ ಮೇಲೆ ನಗ್ತಾ ನಗ್ತಾ ಹೋದರು. ಎರಡನೇ ಸಲ ಇವಳು ಗಾಲಿ ಅಗಲ ಮಾಡಿ ಕೆಸರು ದಾಟಿದಳು, ಆದ್ರೆ ಘಟ್ಟದ ಕಲ್ಲು ಮೆಟ್ಟಿಲ ಹತ್ರ ಗಾಡಿ ಮಗುಚಿ ಉಪ್ಪೆಲ್ಲ ಹಳ್ಳಕ್ಕೆ ಬಿತ್ತು. ಸಣ್ಣೀರಿ ಹಳ್ಳದಲ್ಲಿ ಕೂತು ಗೊಳೋ ಅಂತ ಅತ್ತಳಂತೆ.

ಅವಳು ಊರಿಗೆ ವಾಪಸ್ ಬಂದ ಮಾರನೇ ದಿನ ಬೆಳಗ್ಗೆ ಅವಳ ಮನೆ ಮುಂದೆ ಬಂದು ನಿಂತವನು ಯಾರು? ಅದೇ ಜವರಪ್ಪ. ಆವತ್ತು ಮೆಟ್ಟಿಲಲ್ಲಿ ನನ್ನ ಕಿರಿಮಗ ಕುಸಿದು ಬಿದ್ದ ಕಣಮ್ಮ, ಇಪ್ಪತ್ತು ವರ್ಷದ ಹುಡುಗನ ಕತ್ತು ನನ್ನ ಕತ್ತಿನ ಹಾಗಾಗಿದೆ ಅಂದ. ಬಯಲಲ್ಲಿ ನಿನ್ನ ಎತ್ತುಗಳು ಇಪ್ಪತ್ತು ಜನರ ಹೊರೆ ಎಳ್ಕೊಂಡು ಹೋಗೋದು ನೋಡ್ದೆ. ನಿನ್ನ ಗಾಡೀಲಿ ಐಬಿಲ್ಲ, ಇದು ಕಾಲಿನವರು ಮಾಡ್ಕೊಂಡ ದಾರಿ, ಗಾಲಿಗೆ ಬೇರೆ ದಾರಿ ಬೇಕು, ಯಾವ ಗುಡ್ಡ ಎಲ್ಲಿ ಇಳಿಜಾರು ಅಂತ ನನ್ನ ಪಾದಕ್ಕೆ ಗೊತ್ತು ಅಂದ. ಆಮೇಲೆ ಒಂದು ಮಾತು ಕೇಳಿದ. ನೀನು ಗೆದ್ದರೆ ನಮ್ಮ ಸಾವಿರ ಮನೆ ಗಂಜಿಗೆ ಏನು ಗತಿ ತಾಯಿ?

ಸಣ್ಣೀರಿ ಸುಳ್ಳು ಹೇಳಲಿಲ್ಲ. ಅದನ್ನ ನಾನು ಯೋಚನೆನೇ ಮಾಡ್ಲಿಲ್ಲ ಮಾವ ಅಂದಳು. ಅವನನ್ನ ಜಗಲಿ ಮೇಲೆ ಕೂರಿಸಿದಳು. ಆಮೇಲೆ ಅಂದಳು, ದಾರಿ ಕಡಿಯೋಕೆ ಜನ ಬೇಕು, ಗಾಲಿ ಕೆತ್ತೋಕೆ ಬೇಕು, ಎತ್ತು ಹೊಡೆಯೋಕೆ ಬೇಕು, ದಾರೀಲಿ ಅನ್ನ ನೀರು ಕೊಡೋರು ಬೇಕು. ಈ ದಾರಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ಕಲಿಸಿ, ನಾನು ನಿಮಗೆ ಕಲಿಸ್ತೀನಿ.

ಮೂರನೇ ಸಲಕ್ಕೆ ರಾಜ ಕೊಟ್ಟಿದ್ದು ಒಂದೇ ತಿಂಗಳು. ಸಾವಿರ ಜನ ಹೊರೆಯವರು ಗುದ್ದಲಿ ಹಿಡಿದರು. ಕೆಲವರು ಬೈಕೊಂಡೇ ಹಿಡಿದರು, ಅದೂ ಹೇಳ್ಬೇಕು. ಮೆಟ್ಟಿಲು ಬಿಟ್ಟು ಬೆಟ್ಟಾನ ಸುತ್ತಿ ಸುತ್ತಿ ಹೋಗೋ ಹಾಗೆ ದಾರಿ ಕಡಿದರು. ಪಂದ್ಯದಲ್ಲಿ ಯಜಮಾನನೇ ಹೊರೆ ಹೊರಬೇಕು ಅಂತ ರಾಜನ ಅಪ್ಪಣೆ. ಬೇಕೂಂತ ಸೋತ ಅನ್ನಿಸ್ಕೊಂಡ್ರೆ ಮರ್ಯಾದೆ ಏನು ಉಳೀತು ಅಂತ ಜವರಪ್ಪ ಮೆಟ್ಟಿಲ ದಾರೀಲಿ ಉಸಿರು ಬಿಗಿಹಿಡಿದು ನಡೆದನಂತೆ. ಅವನು ಫರ್ಲಾಂಗಿಗೊಂದು ಸಲ ಹೊರೆ ಇಳಿಸಿ ಸುಧಾರಿಸ್ಕೊಳ್ಳಬೇಕು. ಎತ್ತುಗಳೋ, ಗೊಣಗದೆ ಹೋಗ್ತಾನೇ ಇದ್ವು.

ಜವರಪ್ಪ ಬೆಟ್ಟದ ಮೇಲೆ ತಲುಪೋ ಹೊತ್ತಿಗೆ ಗಾಡಿ ಬಂದು ಅರ್ಧ ದಿನ ಆಗಿತ್ತು. ಮನೆ ಮನೇಲೂ ಉಪ್ಪು ಹಾಕಿದ ಸಾರು ಕುದೀತಿತ್ತು. ಒಂದು ಮುದುಕಿ ಸೌಟಲ್ಲಿ ರುಚಿ ನೋಡಿ, ಕಣ್ಣೀರು ಸುರಿಸ್ಕೊಂಡು ನಗ್ತಿದ್ದಳಂತೆ. ಸಣ್ಣೀರಿ ಓಡಿ ಬಂದು ಜವರಪ್ಪನ ಹೊರೆ ತಾನೇ ಇಳಿಸಿದಳು. ಸೋತ ಯಜಮಾನ ಆ ಹುಡುಗಿ ತಲೆ ಮೇಲೆ ಕೈ ಇಟ್ಟು, ನೀನು ಗೆದ್ದಿದ್ದು ನನಗೆ ಸಂತೋಷ ಕಣಮ್ಮ ಅಂದ.

ಆಮೇಲೆ ಉಪ್ಪು, ಒಣಮೀನು ಮೇಲಕ್ಕೆ ಹೋದ್ವು, ರಾಗಿ, ಜೇನು ಕೆಳಕ್ಕೆ ಇಳಿದ್ವು. ಕೊಳೆಯೋ ಕಣಜ ಇಲ್ಲ, ಖಾಲಿ ಗಡಿಗೆ ಇಲ್ಲ. ಹೊರೆಯವರ ಮಕ್ಕಳು ಬಡಗಿಗಳಾದರು, ಎತ್ತಿಗೆ ಲಾಳ ಹೊಡೆಯೋರಾದರು, ದಾರಿ ಪಕ್ಕ ಛತ್ರ ನಡೆಸಿದರು. ಜವರಪ್ಪನ ಕಿರಿಮಗ ಗಾಡಿ ಹೊಡೆದ. ರಾಜ ಎಲ್ಲಾ ನಂದೇ ಯೋಚನೆ ಅಂತ ಹೇಳ್ಕೊಂಡು ತಿರುಗಿದ, ತಿರುಗಲಿ ಬಿಡು.

ಜವರಪ್ಪ ಮಾತ್ರ ಮುದುಕನಾದ ಮೇಲೂ, ಕೈಬೀಸ್ಕೊಂಡು ಸುಮ್ನೆ ದಾರೀಲಿ ನಡೀವಾಗಲೂ, ಏರು ಬಂದ ಕೂಡ್ಲೆ ಅವನ ಬಲಗೈ ತಾನಾಗೇ ಮೇಲಕ್ಕೆ ಹೋಗಿ, ಇಲ್ಲದ ಹೊರೆ ಹಿಡ್ಕೊಳ್ಳೋದಂತೆ. ಮೊಮ್ಮಕ್ಕಳು, ತಾತ, ತಲೆ ಮೇಲೆ ಏನಿದೆ ಅಂತ ಕೇಳೋರಂತೆ. ಆ ಮಕ್ಕಳಿಗೆ ಹೊರೆ ಅಂದ್ರೇನು ಅಂತಾನೇ ಗೊತ್ತಿರಲಿಲ್ಲ.

ಅವರು ಅಲ್ಲಿ ಹೊಟ್ಟೆ ತುಂಬ ಉಂಡು ಸುಖವಾಗಿದ್ರು, ನನ್ನ ಕತೆ ಇಲ್ಲಿಗೆ ಮುಗೀತು, ಕಣ್ಣು ಮುಚ್ಚು ಕಂದ.